ತಲೆಯ ಮೇಲೆ ಕಾಲುಳ್ಳ ಹಣ್ಣುನೊಣದ ಸಮ್ಮುಖಕ್ಕೆ

ಬಾಳೆಗೊನೆಗಳ ಅಧಿಪತಿಗಳೂ, ಮಾವಿನ ವಾಟೆಯ ಮೇಲೆ ಒಡ್ಡೋಲಗ ನಡೆಸುವ ಸಾರ್ವಭೌಮರೂ, ಕರೆಯದೆಯೇ ಎಲ್ಲರ ಅಡುಗೆಮನೆಗೆ ಚಿತ್ತೈಸುವವರೂ ಆದ ಮಾನ್ಯ ಹಣ್ಣುನೊಣ ಮಹಾಶಯರೇ,

ಗುಂಡ್ಲುಪೇಟೆಯ ಗಂಗಾಧರಸ್ವಾಮಿ ಎಂಬ ನಾನು, ನಾಟಕಗಳಲ್ಲಿ ನಲವತ್ತು ವರ್ಷ ರಾಜಪಾರ್ಟು ಮಾಡಿದವನು, ಮೈಕು ಕೈಕೊಟ್ಟಾಗಲೂ ಕೊನೆಯ ಸಾಲಿನವರ ನಿದ್ದೆ ಕೆಡಿಸಿದ ಕಂಠದವನು, ಸದಾ ಉಜ್ಜಿಕೊಳ್ಳುತ್ತಲೇ ಇರುವ ತಮ್ಮ ಮುಂಗಾಲುಗಳಿಗೆ ಕೈಮುಗಿದು ಬರೆದುಕೊಳ್ಳುವ ದೂರು.

ನನ್ನ ಮಗಳ ಮಗಳು ರೂಪಶ್ರೀ ಚಾಮರಾಜನಗರದಲ್ಲಿ ಎಂ.ಎಸ್ಸಿ. ಓದುತ್ತಾಳೆ, ಅವಳ ಓದೆಲ್ಲ ತಮ್ಮ ಕುಲದ ಮೇಲೆಯೇ. ದೀಪಾವಳಿ ರಜೆಗೆ ಪ್ರಯೋಗಾಲಯಕ್ಕೆ ಬೀಗ ಬಿದ್ದಾಗ, ತಾವು ಹಸಿದೀರೆಂದು ತಮ್ಮನ್ನು ನಾಲ್ಕು ಸೀಸೆಗಳಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ತಾತನಿಗೆ ಒಂದು ಬಿಸ್ಕತ್ತಿನ ಪೊಟ್ಟಣವೂ ಇಲ್ಲ. ತಮಗೆ ಮಾತ್ರ ರವೆ, ಬೆಲ್ಲ ಕಾಯಿಸಿ ಹುಯ್ದ ಗಟ್ಟಿ ಪಾಯಸ, ಸೀಸೆಯ ಬಾಯಿಗೆ ಮಲ್ಲಿಗೆಯಂಥ ಹತ್ತಿಯ ಬಿರಡೆ! ಭೂತಗನ್ನಡಿಯಲ್ಲಿ ಇಣುಕಿದೆ. ಆಹಾ, ಮೀಸೆ ಇರಬೇಕಾದ ಜಾಗದಲ್ಲಿ ತಮಗೆ ಎರಡು ಕಾಲು! "ಕಾಲು ಮಾಡೋ ಜೀನು ತಲೇಲಿ ಸುಮ್ಮನೆ ಇರಬೇಕು ಕಣ್ ತಾತ. ಅಲ್ಲಿ ಎದ್ದುಬುಟ್ರೆ ಇಂಗೆ" ಎಂದಳು. ನನಗೆ ಥಟ್ಟನೆ ತಿಳಿಯಿತು. ಕುದೇರಿನಲ್ಲಿ ನಾಟಕವಾದಾಗ, ಭರ್ಜಿ ಹಿಡಿದು ತೆಪ್ಪಗೆ ನಿಲ್ಲಬೇಕಾಗಿದ್ದ ನಮ್ಮ ದ್ವಾರಪಾಲಕ ಚಿಕ್ಕಮಲ್ಲಪ್ಪ, ಹಾರ್ಮೋನಿಯಂ ಶ್ರುತಿ ಕೇಳುತ್ತಲೇ ಎಚ್ಚೆತ್ತು ನನ್ನ ಕಂದಪದ್ಯವನ್ನು ಪೂರ್ತಿ ಹಾಡಿ, ಚಪ್ಪಾಳೆಯನ್ನೂ ತಾನೇ ಹೊಡೆಸಿಕೊಂಡಿದ್ದ.

ಇನ್ನು ತಮ್ಮ ಮೈಯೊಳಗಿನ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಪಕ್ಕಪಕ್ಕದ ಜೀವಕೋಶಗಳು ಕೈ ತಾಕಿಸಿಕೊಂಡು ಮಾತಾಡುತ್ತವಂತೆ. ಒಂದು "ನಾನು ಇಲ್ಲಿ ರೋಮದ ಕೆಲಸ ವಹಿಸಿಕೊಳ್ಳುತ್ತೇನೆ, ನೀನು ಚರ್ಮವಾಗಿರು" ಎಂದು ತಿಳಿಸಿದರೆ, ಇನ್ನೊಂದು ಮುನಿಸಿಕೊಳ್ಳದೆ ಚರ್ಮವಾಗುತ್ತದಂತೆ! ನಮ್ಮ ನಾಟಕ ಮಂಡಳಿಯಲ್ಲಿ ರಾಜನಾಗದವನು ಚರ್ಮವಾಗಲು ಒಪ್ಪಿದ ಉದಾಹರಣೆಯೇ ಇಲ್ಲ. ಅಕ್ಕಪಕ್ಕದವರನ್ನು ಕೇಳದೆ ತಮ್ಮ ಮೈಯಲ್ಲಿ ಒಂದು ಕೂದಲೂ ಏಳುವುದಿಲ್ಲ. ನಮ್ಮ ಮನೆಯಲ್ಲಿ ಹಾಗಲ್ಲ.

ಹಾಗಲ್ಲದ್ದರಿಂದಲೇ ಈ ದೂರು. ಬಲಿಪಾಡ್ಯಮಿಯ ಸಂಜೆ ನನ್ನ ಧರ್ಮಪತ್ನಿ ಶಿವರುದ್ರಮ್ಮ "ಎಣ್ಣೆ ಅದೆ, ಅಣತೆ ಅದೆ, ಬತ್ತಿಗೆ ಅತ್ತಿ ಎಲ್ಲದೆ?" ಎಂದು ಒಳಗಿನಿಂದ ಕೂಗಿದಳು. ಅತ್ತಿತ್ತ ನೋಡಿದ ಯಾರೋ ಒಬ್ಬ ಹಿರಿಯರ ಕಣ್ಣಿಗೆ ಸೀಸೆಗಳ ಬಾಯಲ್ಲಿದ್ದ ಅಚ್ಚ ಬಿಳಿ ಹತ್ತಿ ಬಿತ್ತು. ಅವರು ಕಿತ್ತುಕೊಟ್ಟರು, ಯಾವ ಹತ್ತಿಯೆಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ಬತ್ತಿ ಹೊಸೆದದ್ದಾಯಿತು, ಮೂವತ್ತು ದೀಪ ಜಗಜಗ ಉರಿದದ್ದಾಯಿತು. ತಾವಾದರೂ ಸಭ್ಯಸ್ಥರಾಗಿ ಒಳಗೇ ಕೂರಬಹುದಿತ್ತಲ್ಲವೇ? ಉಂಡ ಪಾಯಸದ ಋಣವನ್ನೂ ನೆನೆಯದೆ ಸಪರಿವಾರ ಹಾರಿಹೋಗುವುದೇ?

ಮೂರು ವಾರಕ್ಕೆ ರೂಪಶ್ರೀಯ ಪ್ರಾಜೆಕ್ಟ್ ಪರೀಕ್ಷೆ. ತಲೆಯ ಮೇಲೆ ಕಾಲಿರುವ ತಮ್ಮ ಸಂತಾನವನ್ನು ತೋರಿಸದಿದ್ದರೆ ಒಂದು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಮಗು ಹೋಳಿಗೆ ಮುಟ್ಟಿಲ್ಲ, ಟಾರ್ಚು ಹಿಡಿದು ಸೂರೆಲ್ಲ ಹುಡುಕುತ್ತಿದೆ. "ಹತ್ತಿ ಯಾರು ಕಿತ್ತಿದ್ದು?" ಎಂದು ಕೇಳಿದಾಗ, ತುಂಬಿದ ಸಭೆಗಳಲ್ಲಿ ಗರ್ಜಿಸಿದ ಈ ಕಂಠ "ಬೆಕ್ಕಿರಬೇಕು ಕಣವ್ವ" ಎಂದು ಕೀರಲಿತು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಆದ್ದರಿಂದ ಮಹಾಪ್ರಭುಗಳೇ, ನಡುಮನೆಯಲ್ಲಿ ಕಳಿತ ಬಾಳೆಹಣ್ಣಿನ ಸಿಪ್ಪೆಯನ್ನು ತಟ್ಟೆಯಲ್ಲಿ ಹಾಸಿ ಕಾದಿದ್ದೇನೆ. ಇಂದು ಸಂಜೆ ಐದರೊಳಗೆ ಎಂಟೂ ಕಾಲುಗಳ ಸಮೇತ ತಾವು ಖುದ್ದು ಹಾಜರಾಗಬೇಕೆಂದೂ, ಬರುವಾಗ ದಾರಿ ತಪ್ಪಿದ ಸೋದರರನ್ನು ಗೋಪಾಲಸ್ವಾಮಿ ಬೆಟ್ಟದವರೆಗೆ ಹೋಗಿದ್ದರೂ ಕರೆತರಬೇಕೆಂದೂ, ಸಾಧ್ಯವಾದರೆ ತಮ್ಮ ಎರಡು ಜೀವಕೋಶಗಳನ್ನು ನಮ್ಮ ಮನೆಗೆ ಎರವಲು ಕಳಿಸಿ, ಹತ್ತಿ ಕೀಳುವ ಮುಂಚೆ ಪಕ್ಕದವರನ್ನು ಕೇಳುವ ವಿದ್ಯೆಯನ್ನು ಮೇಲೆ ಹೇಳಿದ ಹಿರಿಯರಿಗೆ ಕಲಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಆ ಹಿರಿಯರು ನಾನೇ.

ಮನೆಯಲ್ಲಿ ಹಣ್ಣಿರುವವರೆಗೂ ತಮ್ಮ ವಿಶ್ವಾಸಿ,
ಗಂಗಾಧರಸ್ವಾಮಿ

ಮರೆತ ಮಾತು: ತಮ್ಮ ವಿಳಾಸ ತಿಳಿಯದ್ದರಿಂದ ಈ ಪತ್ರವನ್ನು ನಡುಮನೆಯಲ್ಲಿ ನಿಂತು, ಹಳೆಯ ಕಂಠದಲ್ಲಿ, ಎರಡು ಬಾರಿ ಓದಿದೆ. ತಾವು ಕೇಳಿದಿರೋ ಇಲ್ಲವೋ, ರೂಪಶ್ರೀ ಕೇಳಿದಳು. "ಬೆಕ್ಕು ಓದಕ್ಕೂ ಕಲ್ತದಲ್ಲ ತಾತ" ಎನ್ನುತ್ತಾ ಬಂದವಳು ತಟ್ಟೆಯ ಮೇಲೆ ಬಾಗಿ, ಉಸಿರು ಹಿಡಿದು, ಬೋರಲು ಹಾಕಿದ ಲೋಟದಲ್ಲಿ ತಮ್ಮನ್ನೇ ಹಿಡಿದಳು. ತಮ್ಮಂಥವರು ಒಬ್ಬರಿದ್ದರೆ ಸಾಕಂತೆ. ನಮ್ಮೂರಿನ ಸಾಧಾರಣ ಹಣ್ಣುನೊಣದೊಂದಿಗೆ ಮದುವೆ ಮಾಡಿದರೂ ಮಕ್ಕಳಲ್ಲಿ ಸುಮಾರು ಅರ್ಧಕ್ಕೆ ತಲೆಯ ಮೇಲೆ ಕಾಲು ಬರುತ್ತದಂತೆ, ಅದೂ ಹನ್ನೆರಡೇ ದಿನದಲ್ಲಿ. ತಮ್ಮ ಹೊಸ ಸೀಸೆಯ ಬಿರಡೆಗೆ ಶಿವರುದ್ರಮ್ಮ ಯಾರನ್ನೂ ಕೇಳದೆ ನನ್ನ ದಿಂಬನ್ನು ಹರಿದಿದ್ದಾಳೆ. ತಲೆಗೆ ಆಸರೆ ತಪ್ಪಿದವನು ನಾನು. ತಾವಾದರೆ ಬೇಕೆಂದಾಗ ತಲೆಯನ್ನು ಸ್ವಂತ ಕಾಲಿನ ಮೇಲೆ ಇಟ್ಟು ಮಲಗಬಹುದು.