ಕೈ ಮುರಿದ ದೇವಿಯ ವಿಚಾರವಾಗಿ ಮಹಾಕೋಶದ ಸಂಪಾದಕರಿಗೆ

ಮಾನ್ಯ ಪ್ರಧಾನ ಸಂಪಾದಕರೇ,

ಗ್ರೀಕ್ ಮತ್ತು ರೋಮನ್ ಕಲೆಯ ಪುರಾಣಚಿತ್ರಗಳ ಬಗ್ಗೆ ತಾವು ಹೊರತಂದಿರುವ ಮಹಾಕೋಶಕ್ಕೆ ಮೊದಲು ತಲೆಬಾಗುತ್ತೇನೆ. ಅದರ ಸಂಪುಟಗಳನ್ನು ಎತ್ತಿ ಎತ್ತಿ ಬೆನ್ನು ಆಗಲೇ ಬಗ್ಗಿರುವುದರಿಂದ ಇದಕ್ಕೆ ಬೇರೆ ಶ್ರಮವೇನಿಲ್ಲ. ನಾನು ವಸ್ತುಸಂಗ್ರಹಾಲಯವೊಂದರಲ್ಲಿ ಶಿಲ್ಪಗಳ ಕೆಳಗಿನ ಫಲಕ ಬರೆಯುವವನು.

ನಮ್ಮಲ್ಲಿ ಕಿಟಕಿಯ ಪಕ್ಕ ಅಮೃತಶಿಲೆಯ ಹೆಂಗಸೊಬ್ಬಳು ನಿಂತಿದ್ದಳು. ಎರಡೂ ಕೈ ಮೊಣಕೈಯಿಂದ ಕೆಳಗೆ ಮುರಿದಿದ್ದವು. ಹೊಸ ನಿರ್ದೇಶಕರು ಬಂದವರೇ, "ಹೆಸರಿಲ್ಲದ್ದನ್ನೆಲ್ಲ ಉಗ್ರಾಣಕ್ಕೆ ಸಾಗಿಸ್ರೀ, ಜನ ಬರೋದೇ ಹೆಸರು ಓದೋಕೆ" ಎಂದರು. ಅವಳನ್ನು ಉಳಿಸಿಕೊಳ್ಳಲು ನಾನು ತಮ್ಮ ಕೋಶದ ಮೊರೆಹೊಕ್ಕೆ.

ತಮ್ಮ ಪಾಂಡಿತ್ಯಕ್ಕೆ ಏನೆನ್ನಲಿ! ಕೈಯಲ್ಲಿ ಪಂಜಿದ್ದರೆ ಡಿಮೀಟರ್, ಬಿಲ್ಲಿದ್ದರೆ ಆರ್ಟೆಮಿಸ್, ಸೇಬಿದ್ದರೆ ಆಫ್ರೊಡೈಟಿ, ಚುಕ್ಕಾಣಿಯಿದ್ದರೆ ರೋಮನ್ನರ ಫಾರ್ಚೂನಾ ಇರಬಹುದೆಂದು ದೇವತೆಗಳನ್ನು ಎಷ್ಟು ಅಚ್ಚುಕಟ್ಟಾಗಿ ವಿಂಗಡಿಸಿದ್ದೀರಿ! ಕೈಯೇ ಇಲ್ಲದವಳು ಯಾರೆಂಬ ಕ್ಷುಲ್ಲಕ ಪ್ರಶ್ನೆಗೆ ಮಾತ್ರ ತಮಗೆ ಬಿಡುವಾಗಿಲ್ಲ. ಮನೆಯಲ್ಲಿ ಇದನ್ನು ಹೇಳಿಕೊಂಡಾಗ ನನ್ನ ಹೆಂಡತಿ, "ಹಾಗಾದ್ರೆ ದಿನವಿಡೀ ಸೌಟು ಹಿಡ್ಕೊಂಡಿರೋ ನಾನು ಯಾವ ದೇವತೆ, ಅದನ್ನೂ ನೋಡ್ಕೊಂಡು ಬನ್ನಿ" ಎಂದಳು. ನೋಡಿದೆ, ತಮ್ಮ ಸೂಚಿಯಲ್ಲಿ ಸೌಟಿಲ್ಲ.

ಕೊನೆಗೆ ಚಿತ್ರಸಂಪುಟದಲ್ಲಿ ನಮ್ಮವಳೇ ಸಿಕ್ಕಳು, ಅದೇ ಕಿಟಕಿ, ಅದೇ ಮುರಿದ ಕೈ! ನಾನು ಕುಣಿದಾಡುವುದೊಂದು ಬಾಕಿ. ಕೆಳಗೆ ತಾವು ಬರೆಸಿದ್ದೀರಿ: "ಬಹುಶಃ ದೇವತೆ. ಹೆಸರಿಗೆ ವಸ್ತುಸಂಗ್ರಹಾಲಯದ ಫಲಕ ನೋಡಿ." ನಮ್ಮ ಫಲಕದಲ್ಲೋ, ನನಗಿಂತ ಹಿಂದಿದ್ದ ಮಹನೀಯರು "ಹೆಸರಿಗೆ ಮಹಾಕೋಶ ನೋಡಿ" ಎಂದು ಬರೆದು, ಹಾರ ಹಾಕಿಸಿಕೊಂಡು ನಿವೃತ್ತರಾಗಿದ್ದರು.

ಹೀಗೆ ಎರಡೂ ಕಡೆಯವರು ಪರಸ್ಪರ ಮರ್ಯಾದೆ ಕೊಟ್ಟುಕೊಳ್ಳುತ್ತಿರುವಾಗ, ನಿನ್ನೆ ಅವಳಿಗೆ ಕಂಬಳಿ ಸುತ್ತಿ, ಹಗ್ಗ ಬಿಗಿದು ಒಯ್ದರು. ಹೆಸರೇನೆಂದು ಕೇಳದೆ ಅವಳ ಮುಂದೆ ಎಷ್ಟೋ ಹೊತ್ತು ಸುಮ್ಮನೆ ನಿಂತುಬಿಡುತ್ತಿದ್ದ ಜನರನ್ನು ನಾನು ಕಂಡಿದ್ದೇನೆ. ಆದಕಾರಣ ತಾವು ದಯಮಾಡಿ ಅವಳ ಎರಡೂ ಕೈಗಳನ್ನು, ಹಿಡಿದಿದ್ದ ವಸ್ತು ಸಮೇತ, ಎಲ್ಲಿದ್ದರೂ ಹುಡುಕಿಸಿ ಅಂಚೆಯಲ್ಲಿ ಕಳಿಸಬೇಕು. ಅದಾಗದಿದ್ದರೆ ಖುದ್ದಾಗಿ ಬಂದು, ಉಗ್ರಾಣದಲ್ಲಿ ಕೂತು, ಅವಳನ್ನೇ ವಿಚಾರಿಸಬೇಕು.

ತಮ್ಮ ಪುಟಗಳನ್ನು ಇನ್ನೂ ತಿರುವುತ್ತಲೇ ಇರುವ,
ತಮ್ಮ ವಿಶ್ವಾಸಿ,
ಫಲಕ ಬರೆಯುವವನು

ಮರೆತ ಮಾತು: ಖಾಲಿ ಪೀಠ ಚೆನ್ನಾಗಿ ಕಾಣುವುದಿಲ್ಲವೆಂದು ನಿರ್ದೇಶಕರು ಅದರ ಮೇಲೆ ತಮ್ಮ ಮಹಾಕೋಶದ ಸಂಪುಟಗಳನ್ನೇ ಪೇರಿಸಿಟ್ಟಿದ್ದಾರೆ. ಕೋಶದ ಹೆಸರು ಚಿನ್ನದ ಅಕ್ಷರದಲ್ಲಿ ದೊಡ್ಡದಾಗಿಯೇ ಇದೆ. ಜನ ಅದನ್ನು ಓದುತ್ತಾರೆ, ಮುಂದೆ ಹೋಗುತ್ತಾರೆ. ಇದುವರೆಗೆ ಒಬ್ಬರೂ ನಿಂತಿಲ್ಲ.