ಒಂದೇ ಅಚ್ಚಿನ ಕನ್ನಡಕ

ಬೆಳಿಗ್ಗೆ ಎದ್ದು ಕನ್ನಡಕ ಏರಿಸಿದ ಕಂಡಕ್ಟರಜ್ಜನಿಗೆ ಲೋಕವೆಲ್ಲ ಮಂಜುಮಂಜಾಗಿತ್ತು. ತೆಗೆದು, ಒರೆಸಿ, ಮತ್ತೆ ಹಾಕಿದ. ಮಂಜು ಕದಲಲಿಲ್ಲ.

ಕಣ್ಣು ಕೈಕೊಡಲು ಇವತ್ತೇ ಬೇಕಿತ್ತೆ? ವರ್ಷದ ಹಿಂದೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗುತ್ತಿದ್ದವನನ್ನು ಈ ಆಶ್ರಯ ಕೇಂದ್ರದ ಮೇಡಂ ಕರೆತಂದು, ಮಂಚ ಕೊಟ್ಟು, ಬಿಪಿ ಮಾತ್ರೆ ಶುರುಮಾಡಿಸಿ, ಕಳೆದುಹೋದ ಗುರುತಿನ ಚೀಟಿ ಮಾಡಿಸಿ, ನಿಂತುಹೋದ ಪಿಂಚಣಿಯನ್ನೂ ಮತ್ತೆ ಕೊಡಿಸಿದ್ದರು. ಇನ್ನು ಉಳಿದದ್ದು ಬೇರೆ ಕೋಣೆ. ಅದನ್ನು ಮಂಜೂರು ಮಾಡುವ ಸಾಹೇಬರು ಇವತ್ತೇ ಬರುವವರಿದ್ದರು. ಬೇರೆ ಕೋಣೆ ಎಂದರೆ ಅಜ್ಜನಿಗೆ ಒಂದೇ ಅರ್ಥ: ಪಕ್ಕದ ಮಂಚದ ಗೊರಕೆಯಿಂದ ಬಿಡುಗಡೆ. ಆ ಗೊರಕೆಯಿಂದಾಗಿಯೇ ಪಕ್ಕದ ಮಂಚದ ಮುದುಕನಿಗೆ ಇಂಜಿನ್ ಎಂಬ ಹೆಸರು ಬಿದ್ದಿತ್ತು.

"ಏನೂ ಕಾಣ್ತಿಲ್ಲ ತಾಯಿ," ಎಂದು ಅಡುಗೆಯಾಕೆಯ ಹತ್ತಿರ ಅಲವತ್ತುಕೊಂಡ.

"ಬಾಯಿ ಬಿಟ್ಟೀರಿ ಜೋಕೆ ಅಜ್ಜಾ. ಒಬ್ರೇ ಇರಕ್ಕಾಗಲ್ಲ ಅಂತ ಬರ್ಕೊಂಡು ಹೋಗ್ತಾರೆ, ಕೋಣೆ ಕೈತಪ್ಪತ್ತೆ. ಕಣ್ಣು ಕಾಣೋರ ಥರಾನೇ ಇರಿ. ಸಾಹೇಬ್ರಿಗೆ ನೀವೇ ಟೀ ಮಾಡ್ಕೊಡಿ, ಕೈಕಾಲು ಗಟ್ಟಿ ಇದೆ ಅಂತ ಗೊತ್ತಾಗ್ಲಿ."

ಅಜ್ಜ ಟೀ ಹಿಡಿದು ಆಫೀಸಿನೊಳಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ಕೋಟಿಗೆ ಬಗ್ಗಿ ನಮಸ್ಕರಿಸಿದ. "ಮನೇಲೆಲ್ಲ ಸೌಖ್ಯಾನಾ ಸಾರ್?" ಎಂದು ವಿಚಾರಿಸಿಯೂಬಿಟ್ಟ.

"ಸೌಖ್ಯ," ಎಂದಿತು ಹಿಂದಿನಿಂದ ದನಿ. ಸಾಹೇಬರು ಒಂದು ಗುಟುಕು ಕುಡಿದು ಕೆಮ್ಮಿದರು. "ಇದಕ್ಕೆ ಉಪ್ಪು ಹಾಕಿದೀರಾ?"

"ಸಕ್ಕರೆ ಆರೋಗ್ಯಕ್ಕೆ ಒಳ್ಳೇದಲ್ಲ ಸಾರ್."

ಅಷ್ಟರಲ್ಲಿ ಇಂಜಿನ್ ಗೋಡೆ ಸವರುತ್ತ ಬಂದು ಪಕ್ಕದಲ್ಲಿ ಕುಳಿತ. ಅವನಿಗೂ ಕೋಣೆ ಬೇಕಿತ್ತು. ಸಾಹೇಬರು ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. "ಒಬ್ರೇ ಇರೋ ಕೋಣೆಗೆ ಒಂದು ಚೌಕ, ಜೊತೆಗಾರರ ಕೋಣೆಗೆ ಒಂದು ಚೌಕ. ಓದಿ, ನೀವೇ ಗುರುತು ಹಾಕಿ."

ಹಾಳೆಯ ಮೇಲೆ ಅಜ್ಜನಿಗೆ ಕಂಡದ್ದು ಎರಡು ಕಪ್ಪು ಕಲೆ. ಕತ್ತಲೆಯ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದ ಧೈರ್ಯದಿಂದ ಒಂದಕ್ಕೆ ಗುರುತು ಎಳೆದ.

ಸಾಹೇಬರು ಎರಡೂ ಹಾಳೆ ನೋಡಿ ಪಕ್ಕದಲ್ಲಿದ್ದ ಮೇಡಂಗೆ ದಾಟಿಸಿದರು. "ನೋಡಿಮ್ಮ, ಇಬ್ರೂ ಜೊತೆಗೇ ಇರ್ತೀವಿ ಅಂತ ಹಾಕಿದಾರೆ."

ಮೇಡಂ ಕಣ್ಣೊರೆಸಿಕೊಂಡರು. "ಅಕ್ಕಪಕ್ಕ ಮಲಗಿದ ಋಣ ಸಾರ್." ಒಂದೇ ಬೀಗದ ಕೈ ಅಜ್ಜನ ಅಂಗೈಗೆ ಬಿತ್ತು.

ಇಬ್ಬರೂ ಜಗುಲಿಗೆ ಬಂದು ಕುಸಿದರು. "ಬೆಳಿಗ್ಗೆಯಿಂದ ಕಣ್ಣೇ ಕಾಣ್ತಿಲ್ಲ ಮಾರಾಯ," ಎಂದು ಇಂಜಿನ್ ಕನ್ನಡಕ ತೆಗೆದ. ಅಜ್ಜನೂ ತೆಗೆದ. ಕೇಂದ್ರದವರು ಎಲ್ಲರಿಗೂ ಹಂಚಿದ್ದು ಒಂದೇ ಥರದ ಕಪ್ಪು ಫ್ರೇಮು, ಮಲಗುವಾಗ ಇಬ್ಬರೂ ಇಡುವುದು ಮಂಚಗಳ ನಡುವಿನ ಒಂದೇ ಸ್ಟೂಲಿನ ಮೇಲೆ. ಅದಲುಬದಲು ಮಾಡಿಕೊಂಡದ್ದೇ ತಡ, ಎದುರು ಗೋಡೆಯ ಇರುವೆ ಸಾಲೂ ನಿಚ್ಚಳವಾಯಿತು. ಒಳಗೆ ಹೋಗಿ, ಓದದೆಯೇ ಗುರುತು ಹಾಕಿದೆವು ಎಂದು ನಿಜ ಹೇಳಿದರೆ ಸಿಕ್ಕ ಕೋಣೆಯೂ ಹೋಗುತ್ತಿತ್ತು.

"ನಿನ್ನ ಗೊರಕೆಯಿಂದ ತಪ್ಪಿಸ್ಕೊಳ್ಳೋಣ ಅಂತಿದ್ದೆ," ಎಂದ ಅಜ್ಜ, ಅಳು ಬಂದವನಂತೆ.

"ನಾನೂ ಒಬ್ನೇ ಇರ್ತೀನಿ ಅಂತಾನೇ ಬಂದಿದ್ದೆ ಕಣೋ. ನಿದ್ದೇಲಿ ರಾತ್ರಿಯೆಲ್ಲ ಸ್ಟಾಪ್ ಹೆಸರು ಕೂಗ್ತೀಯ."

"ನಾನಾ?"

"ಹೂಂ. 'ಮುಂದೆ ಹೋಗಿ, ಮುಂದೆ ಹೋಗಿ' ಅಂತೀಯ. ವರ್ಷದಿಂದ ಕೇಳ್ತಿದೀನಿ, ಕೊನೇ ಸ್ಟಾಪ್ ಮಾತ್ರ ಒಂದಿನಾನೂ ಬಂದಿಲ್ಲ."