ನನ್ನ ಟ್ರಾನ್ಸ್‌ಫರ್ ಕೇಸ್

ಕಡಿಮೆ ಮಾತಿನಲ್ಲಿ ಹೆಚ್ಚು ಬರೆಯುವವನೆಂಬ ಜಂಬ ನನಗೆ ಬಹಳ ಕಾಲವಿತ್ತು. ಕಚೇರಿಯಲ್ಲಿ ಹತ್ತು ಸಾಲಿನ ಟಿಪ್ಪಣಿಯನ್ನು ಎರಡು ಸಾಲಿಗೆ ಇಳಿಸುವ ಗುಮಾಸ್ತ ನಾನೊಬ್ಬನೇ. ಮನೆಯಲ್ಲಿ ಈ ಗುಣಕ್ಕೆ ಮರ್ಯಾದೆಯಿರಲಿಲ್ಲ. "ನೀವು ಅರ್ಧ ಮಾತು ನುಂಗ್ತೀರಿ, ಆ ಅರ್ಧ ನಾನು ಊಹಿಸ್ಕೋಬೇಕು" ಎಂದು ನನ್ನ ಹೆಂಡತಿ ಶಾರದೆ ಗೊಣಗುತ್ತಿದ್ದಳು. ಆಕೆ ಹೇಳಿದ್ದು ನಿಜವೆಂದು ನನಗೆ ತಿಳಿಯಲು ಒಂದು ಲಾರಿ ಬೇಕಾಯಿತು.

ಗುಮಾಸ್ತನಿಗೇಕೆ ಲಾರಿ ಎಂದು ಆಗ ಎಲ್ಲರೂ ಕೇಳಿದ್ದರು. ಹನುಮಂತನಗರದ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಕಳೆದ ನಮಗೆ ಜಯನಗರದಲ್ಲಿ ಸೈಟು ಸಿಕ್ಕಿತ್ತು. ಬಡಾವಣೆ ನಕ್ಷೆಯಲ್ಲಿ ಚೆನ್ನಾಗಿತ್ತು, ನೆಲದ ಮೇಲೆ ಬರೀ ಕೆಸರು. ಮರಳು ತರುವವರು ಎರಡು ಫರ್ಲಾಂಗು ಆಚೆಯೇ ಸುರಿದು ಹೋಗುತ್ತಿದ್ದರು. ಯುದ್ಧಕಾಲದಲ್ಲಿ ಡ್ರೈವಿಂಗ್ ಕಲಿತಿದ್ದ ಕೊಬ್ಬಿನಿಂದ ನಾನು ಮಿಲಿಟರಿಯವರು ಹರಾಜು ಹಾಕಿದ, ನಾಲ್ಕೂ ಚಕ್ರ ಎಳೆಯುವ ಹಳೆಯ ಲಾರಿಯೊಂದನ್ನು ತಂದೆ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಅದರ ಮುಂದಿನ ಚಕ್ರಗಳು ಮುಷ್ಕರ ಹೂಡಿದವು. ಶಾರದೆ ಆಗಲೇ ತುಳಸಿಕಟ್ಟೆಗೆ ಜಾಗ ಗುರುತು ಮಾಡಿದ್ದಳು.

ಗ್ಯಾರೇಜಿನ ಖಾದರ್ ಸಾಬರು ಲಾರಿಯ ಕೆಳಗೆ ಮಲಗಿಯೇ ಹೇಳಿದರು: "ಗೇರ್‌ಬಾಕ್ಸ್ ಚೆನ್ನಾಗೈತೆ ಸಾರ್. ಅದರ ಹಿಂದಿನ ಟ್ರಾನ್ಸ್‌ಫರ್ ಕೇಸ್ ಕೆಟ್ಟೈತೆ. ಇಂಜಿನ್ ಜೋರನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಪೆಟ್ಟಿಗೆ ಅದು. ಬರೀ ರಿಪೇರಿ ಯಾಕೆ, ದೊಡ್ಡ ಗಾಡಿದು ಹಲ್ಲುಚಕ್ರ, ಬೇರಿಂಗು ಹಾಕ್ಬಿಡ್ತೀನಿ. ಎರಡು ದಿನ ಜೊತೇಲಿರಿ."

ನಾನು ರಜೆ ಅರ್ಜಿ ಬರೆದೆ: 'ನನ್ನ ಟ್ರಾನ್ಸ್‌ಫರ್ ಕೇಸನ್ನು ಸರಿಪಡಿಸಿ ಮೇಲ್ದರ್ಜೆಗೇರಿಸಬೇಕಾಗಿರುವುದರಿಂದ ಎರಡು ದಿನ ರಜೆ ಕೋರುತ್ತೇನೆ.' ಸೂಪರಿಂಟೆಂಡೆಂಟ್ ರಂಗರಾಯರು ಓದಿ, ಎಂದೂ ಇಲ್ಲದ ಕನಿಕರದಿಂದ ನನ್ನನ್ನು ನೋಡಿದರು.

"ಎಲ್ಲಿ ಸಿಕ್ಕಿಹಾಕ್ಕೊಂಡಿದೆ?"

"ಮಧ್ಯದಲ್ಲಿ ಸಾರ್. ಮುಂದಕ್ಕೆ ಹೋಗ್ತಾನೇ ಇಲ್ಲ."

"ಯಾರನ್ನ ಹಿಡಿದಿದ್ದೀರಿ?"

"ಖಾದರ್ ಸಾಬರನ್ನ."

"ಕೇಳಿದ ಹೆಸರಲ್ಲ. ತುಂಬ ಮೇಲಿನವರಾ?"

"ಇಲ್ಲ ಸಾರ್, ಯಾವಾಗ್ಲೂ ಕೆಳಗೇ ಇರ್ತಾರೆ."

"ಕೆಳಗಿನವರ ಕೈಲಿ ಇದೆಲ್ಲ ಆಗಲ್ಲ ಕಣ್ರೀ. ನಾನು ಮೇಲೆ ಮಾತಾಡ್ತೀನಿ."

ರಾಯರಿಗೆ ಒಳ್ಳೆಯ ಮೆಕ್ಯಾನಿಕ್ ಯಾರೋ ಗೊತ್ತಿರಬೇಕೆಂದುಕೊಂಡು ಕೈಮುಗಿದು ಬಂದೆ.

ಖಾದರ್ ಸಾಬರು ಮಾತಿಗೆ ತಪ್ಪಲಿಲ್ಲ. ಲಾರಿ ಮೊಣಕಾಲುದ್ದದ ಕೆಸರನ್ನು ಲೆಕ್ಕಿಸದೆ ಸೈಟಿನೊಳಗೇ ಮರಳು ಸುರಿಯಿತು. ಹದಿನೈದು ದಿನಗಳಲ್ಲಿ ಗೋಡೆ ಸಜ್ಜದ ಮಟ್ಟಕ್ಕೇರಿತು. ಅಂಥ ಸಂತೋಷದ ದಿನಗಳನ್ನು ನಾನು ಹೆಚ್ಚು ಕಂಡವನಲ್ಲ. ಹದಿನಾರನೆಯ ದಿನ ರಂಗರಾಯರು ನಗುನಗುತ್ತ ಒಂದು ಆರ್ಡರು ಕೈಗಿಟ್ಟರು. ನನ್ನನ್ನು ಒಂದು ದರ್ಜೆ ಮೇಲೇರಿಸಿ ಪಾವಗಡಕ್ಕೆ ವರ್ಗ ಮಾಡಿದ್ದರು.

"ಸರಿಪಡಿಸಿ, ಮೇಲ್ದರ್ಜೆಗೇರಿಸಿ ಅಂತ ಬರೆದಿದ್ರಲ್ಲ, ಎರಡೂ ಮಾಡಿಸ್ದೆ" ಎಂದರು.

"ಸಾರ್, ಅದು ಲಾರಿದು" ಎಂದೆ, ತೊದಲುತ್ತ.

"ಲಾರಿ ಯಾಕ್ರೀ? ಪಾವಗಡಕ್ಕೆ ಬಸ್ಸಿದೆ."

ಶಾರದೆ ಆರ್ಡರನ್ನು ಎರಡು ಸಲ ಓದಿದಳು. ನಾನು ಅರ್ಜಿಯ ವಿಷಯವನ್ನು, ಜೀವನದಲ್ಲಿ ಮೊದಲ ಬಾರಿಗೆ, ಒಂದು ಪದವನ್ನೂ ನುಂಗದೆ ಹೇಳಿದೆ. ಆಕೆ ಬೈಯಲಿಲ್ಲ. "ತುಳಸಿ ಕುಂಡ ಮುಂದಿನ ಸೀಟಲ್ಲಿ ಇಟ್ಕೊತೀನಿ, ಹಿಂದೆ ಕುಲುಕಾಡುತ್ತೆ" ಎಂದಳಷ್ಟೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪಾತ್ರೆ, ಹಾಸಿಗೆ, ಒರಳುಕಲ್ಲು ಹೇರಿಕೊಂಡು ಹೊರಟೆವು. ಎಲ್ಲಾದರೂ ಕೆಟ್ಟು ನಿಂತರೆ ಅದೇ ನೆಪದಲ್ಲಿ ವಾಪಸು ಬರಬಹುದೆಂದು ನಾನು ದಾರಿಯುದ್ದಕ್ಕೂ ಕಂಡ ಕಂಡ ಹಳ್ಳಕ್ಕೆಲ್ಲ ಲಾರಿ ಇಳಿಸಿದೆ. ಎಲ್ಲಿಯೂ ನಿಲ್ಲಲಿಲ್ಲ. ಖಾದರ್ ಸಾಬರ ಕೆಲಸ ಅಷ್ಟು ಗಟ್ಟಿಯಾಗಿತ್ತು.